ಹೆಸರು ಹೇಳಲಿಚ್ಛಿಸದವರ ಸನ್ಮಾನ

ಟೆಕ್ಸಾಸಿನ ರಾಜಕಾರಣವನ್ನು ಮೂವತ್ತು ವರ್ಷ ವರದಿ ಮಾಡಿ, ಅದರ ಮೇಲೆ ಐದು ಪುಸ್ತಕ ಬರೆದು, ಅವುಗಳಿಂದ ರಾಜಕಾರಣಕ್ಕೆ ಯಾವ ತೊಂದರೆಯೂ ಆಗದಂತೆ ನೋಡಿಕೊಂಡ ಹಿರಿಯ ಪತ್ರಕರ್ತ ಉದಯಶಂಕರ ಎಂದರೆ ನಾನೇ.

ಆರನೆಯ ಪುಸ್ತಕದಲ್ಲಿ ಮಾತ್ರ ಕೈತಪ್ಪಿ ಒಂದು ನಿಜ ಸೇರಿಕೊಂಡಿತು. ಆಸ್ಟಿನ್ನಿನ ಇಲಾಖೆಯೊಂದರ ನಿರ್ದೇಶಕರು, ಇನ್ನೂ ಕಟ್ಟದ ಹೆದ್ದಾರಿಯ ಗುಂಡಿ ಮುಚ್ಚುವ ಗುತ್ತಿಗೆಯನ್ನು ತಮ್ಮ ಬಾಮೈದನಿಗೆ ಕೊಟ್ಟಿದ್ದರು. ಇದನ್ನು ತಿಳಿಸಿದವರು ‘ಹೆಸರು ಹೇಳಲಿಚ್ಛಿಸದ ಕನ್ನಡಿಗರೊಬ್ಬರು’ ಎಂದು ಬರೆದೆ. ಬರೀ ‘ಒಬ್ಬರು’ ಎಂದಿದ್ದರೆ ಸಾಕಿತ್ತು. ಭಾಷಾಭಿಮಾನ ಅಡ್ಡ ಬಂತು.

ಇಲಾಖೆ ಕೂಡಲೇ ತನಿಖೆಗೆ ಆದೇಶಿಸಿತು. ತನಿಖೆ ಗುತ್ತಿಗೆಯ ಬಗ್ಗೆ ಅಲ್ಲ, ಬಾಯಿ ಬಿಟ್ಟವರ ಬಗ್ಗೆ.

ಬಾಯಿ ಬಿಟ್ಟವಳು ಆಸ್ಟಿನ್ ಪಕ್ಕದ ಸೀಡರ್ ಪಾರ್ಕ್ ಊರಿನ ಶ್ರೀವಿದ್ಯಾ, ಅದೇ ಇಲಾಖೆಯ ಉದ್ಯೋಗಿ. ಅವತ್ತೇ ಫೋನ್ ಮಾಡಿದಳು.

“ಅಂಕಲ್, ಇಡೀ ಇಲಾಖೆಯಲ್ಲಿ ಕನ್ನಡದೋಳು ಅಂತ ಇರೋದು ನಾನೊಬ್ಳೇ. ನನ್ನ ಕೆಲ್ಸ ಹೋಯ್ತು ಅಂತ್ಲೇ ಲೆಕ್ಕ.”

ನನ್ನ ಬರಹದಿಂದ ಯಾರಿಗಾದರೂ ಏನಾದರೂ ಆಗಬಹುದೆಂದು ನಾನು ಅಲ್ಲಿಯವರೆಗೆ ನಂಬಿಯೇ ಇರಲಿಲ್ಲ.

ಆಗ ಡ್ಯಾಲಸ್ ಕಡೆಯಿಂದ, ಟೆಕ್ಸಾಸ್ ಕನ್ನಡ ಕೀರ್ತಿ ವೇದಿಕೆಯ ಅಧ್ಯಕ್ಷ, ಮರ್ಫಿ ಊರಿನ ಮೋಹನರಾಜ ಡ್ರೈವ್ ಮಾಡಿಕೊಂಡು ಬಂದರು.

“ಸಾರ್, ಆ ಕನ್ನಡಿಗ ನಾನೇ ಅಂತ ಎಲ್ರೂ ಮಾತಾಡ್ಕೊಳ್ತಿದಾರೆ.”

“ನೀವು ನನಗೆ ಏನೂ ಹೇಳಿಲ್ಲವಲ್ಲ?”

“ಹೇಳಿಲ್ಲ. ಆದ್ರೆ ಗೊತ್ತಿದ್ದಿದ್ರೆ ಹೇಳೇ ಹೇಳ್ತಿದ್ದೆ.”

ಸಂಜೆಯೊಳಗೆ ವಾಟ್ಸಾಪಿನಲ್ಲಿ ಪೇಟ ತೊಟ್ಟ ಅವರ ಚಿತ್ರ ಬಂತು. ಕೆಳಗೆ, ‘ಹೆಸರು ಹೇಳಲಿಚ್ಛಿಸದ ಕನ್ನಡಿಗ: ಶ್ರೀ ಮೋಹನರಾಜ.’ ಹ್ಯೂಸ್ಟನ್ ಸುಮ್ಮನಿರಲಿಲ್ಲ. ಅದರ ಪಕ್ಕದ ಸ್ಟಾಫರ್ಡಿನ ಹಲ್ಲಿನ ಡಾಕ್ಟರು ಮಧ್ವೇಶ, “ನಿರ್ದೇಶಕರು ಬಾಯಿ ಬಿಟ್ಟಿದ್ದೇ ನನ್ನ ಮುಂದೆ” ಎಂದು ಆಕ್ಷೇಪಣೆ ಸಲ್ಲಿಸಿದರು. ವಿವಾದ ಬೆಳೆಯಬಾರದೆಂದು ವೇದಿಕೆ ಪ್ರಕಟಣೆ ಹೊರಡಿಸಿತು:

‘ಹೆಸರು ಹೇಳಲಿಚ್ಛಿಸದವರು ತಮ್ಮ ಪೂರ್ಣ ಹೆಸರು, ಊರು ಮತ್ತು ಇತ್ತೀಚಿನ ಭಾವಚಿತ್ರವನ್ನು ಸನ್ಮಾನಕ್ಕಾಗಿ ಭಾನುವಾರದೊಳಗೆ ಕಳುಹಿಸತಕ್ಕದ್ದು. ಕುಟುಂಬಕ್ಕೆ ಒಬ್ಬರಿಗೆ ಮಾತ್ರ ಅವಕಾಶ. ಆಜೀವ ಸದಸ್ಯರಿಗೆ ಆದ್ಯತೆ.’

ಶ್ರೀವಿದ್ಯಾಳನ್ನು ಬಿಟ್ಟು ಎಲ್ಲರೂ ಕಳುಹಿಸಿದರು. ಆ ಪಟ್ಟಿ ಹಿಡಿದು ಇಲಾಖೆಯ ತನಿಖಾಧಿಕಾರಿ ಒಬ್ಬೊಬ್ಬರನ್ನೂ ಕರೆಸಿ ಹೇಳಿಕೆ ಪಡೆದರು. ಪ್ರತಿಯೊಬ್ಬರೂ ತಪ್ಪೊಪ್ಪಿಕೊಂಡು, ಅಧಿಕಾರಿಯ ಜೊತೆ ಸೆಲ್ಫಿ ತೆಗೆಸಿಕೊಂಡು ಹೊರಟರು. ಕೊನೆಗೆ ವರದಿ ಬಂತು: ‘ತಪ್ಪೊಪ್ಪಿಕೊಂಡ ಯಾರೂ ಇಲಾಖೆಯ ನೌಕರರಲ್ಲದ ಕಾರಣ ಅವರನ್ನು ವಜಾ ಮಾಡಲು ಅವಕಾಶವಿಲ್ಲ. ಇಲಾಖೆಯಲ್ಲಿರುವ ಏಕೈಕ ಕನ್ನಡತಿ ಅರ್ಜಿಯನ್ನೇ ಹಾಕಿಲ್ಲವಾದ್ದರಿಂದ ಅವರ ಮೇಲೆ ಸಂಶಯವಿಲ್ಲ.’

ವರದಿ ಓದಿ ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ. ಮೂವತ್ತು ವರ್ಷದಲ್ಲಿ ನಾನು ಓದಿದ ಅತ್ಯುತ್ತಮ ರಾಜಕೀಯ ಬರಹ ಅದು, ಮತ್ತು ಅದನ್ನು ಬರೆದವನು ನಾನಲ್ಲ.

ಸನ್ಮಾನ ಸಮಾರಂಭ ಆಸ್ಟಿನ್ನಿನಲ್ಲಿ ನಡೆಯಿತು. ನಿರ್ದೇಶಕರೇ ಮುಖ್ಯ ಅತಿಥಿ, ಬಾಮೈದ ಪ್ರಾಯೋಜಕ. ಹೆಸರು ಹೇಳಲಿಚ್ಛಿಸದವರ ಹೆಸರುಗಳನ್ನು ಮೈಕಿನಲ್ಲಿ ಓದಿ ಮುಗಿಸುವಷ್ಟರಲ್ಲಿ ಬಿಸಿಬೇಳೆಬಾತ್ ಆರಿಹೋಗಿತ್ತು. ಸಭೆಯಲ್ಲಿ ಸನ್ಮಾನಕ್ಕೆ ಅನರ್ಹಳಾದವಳು ಶ್ರೀವಿದ್ಯಾ ಒಬ್ಬಳೇ, ಆದ್ದರಿಂದ ಶಾಲುಗಳ ತಟ್ಟೆ ಹಿಡಿಯುವ ಕೆಲಸ ಅವಳಿಗೆ ಬಂತು.

ಮೋಹನರಾಜ ಶಾಲು ಹೊದ್ದುಕೊಳ್ಳುತ್ತ ಅವಳತ್ತ ತಿರುಗಿದರು. “ಅದೇ ಆಫೀಸಲ್ಲಿದ್ದೂ ನಿಮ್ಗೆ ಒಂದ್ ಮಾತು ಹೇಳಕ್ಕಾಗ್ಲಿಲ್ವೇನಮ್ಮ? ಸ್ವಲ್ಪ ಧೈರ್ಯ ಬೇಕು.”

“ಹೌದು ಅಂಕಲ್, ನಂಗೆ ಭಯ ಜಾಸ್ತಿ,” ಎಂದಳು ಶ್ರೀವಿದ್ಯಾ.

ನಿರ್ದೇಶಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಡೀ ಸಭೆ ತಟ್ಟಿತು. ನಾನೂ ತಟ್ಟಿದೆ. ಕೈಯಲ್ಲಿ ತಟ್ಟೆ ಇದ್ದದ್ದರಿಂದ ಅವಳೊಬ್ಬಳಿಗೆ ಆಗಲಿಲ್ಲ.