ಮೋಹಿನಿಗೆ ಬುದ್ಧಿಯವರ ಸರ್ಟಿಫಿಕೇಟು

ಪುಸ್ತಕದ ಹಿಂಬದಿಯಲ್ಲಿ ಅಚ್ಚಾಗುವ ಹೊಗಳಿಕೆಯನ್ನು ನಂಬುವವರಲ್ಲಿ ನಾನೂ ಒಬ್ಬಳು. ಹದಿನೆಂಟು ವರ್ಷಗಳಿಂದ ರಾಮನಗರದ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುತ್ತಿದ್ದರೂ, ಅಂಗಡಿಯಲ್ಲಿ ಪುಸ್ತಕ ಕೈಗೆ ಬಂದ ಕೂಡಲೇ ಅದನ್ನು ದೋಸೆಯಂತೆ ಮಗುಚಿ ಹಾಕಿ, ಹಿಂದೆ ಯಾರು ಏನೆಂದಿದ್ದಾರೆ ಎಂದು ನೋಡುತ್ತೇನೆ. ಹೊಗಳಿದವರು ಪುಸ್ತಕವನ್ನು ಓದಿದ್ದಾರೋ ಇಲ್ಲವೋ ಎಂದು ತಲೆ ಕೆಡಿಸಿಕೊಂಡವಳಲ್ಲ. ಮದುವೆಮನೆಯಲ್ಲಿ ಇನ್ನೂ ಪಲ್ಯ ಬಡಿಸುತ್ತಿರುವಾಗಲೇ ‘ಅಡುಗೆ ಬೊಂಬಾಟ್’ ಎನ್ನುವವರಿಲ್ಲವೇ, ಇದೂ ಹಾಗೆಯೇ ಒಂದು ಸೌಜನ್ಯ ಎಂದುಕೊಂಡಿದ್ದೆ. ಈ ಸೌಜನ್ಯದ ಬೆನ್ನು ಹತ್ತಿ ಬಸ್ಸಿನಲ್ಲಿ ಕನಕಪುರದವರೆಗೆ ಹೋಗಬೇಕಾದೀತು ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಹಾಗೆ ಹೋಗುವಂತೆ ಮಾಡಿದವರು ನಂಜುಂಡಪ್ಪ ಮಾವ.

ನಂಜುಂಡಪ್ಪ ಮಾವ ನನ್ನ ಅತ್ತೆಯ ತಮ್ಮ, ಚನ್ನಪಟ್ಟಣದವರು. ಲೈನ್‌ಮನ್ ಆಗಿ ಮಾಗಡಿ ಕಡೆಯ ಹಳ್ಳಿಗಳ ಕರೆಂಟು ಕಂಬಗಳನ್ನೆಲ್ಲ ಹತ್ತಿ ಇಳಿದು ನಿವೃತ್ತರಾದರು. ಮೂರು ದಾರಿ ಕೂಡುವಲ್ಲಿ ಕಂಬವೊಂದು ಇದ್ದೇ ಇರುತ್ತದೆ. ಮಾಟ ಮಾಡಿಸುವವರಿಗೂ ಅದೇ ಜಾಗ ಬೇಕು. ಹೀಗಾಗಿ ಕುಂಕುಮ ಮೆತ್ತಿದ ನಿಂಬೆಹಣ್ಣು, ಮೊಳೆ ಹೊಡೆದ ಬೂದುಗುಂಬಳಕಾಯಿ, ಅರಿಶಿನ ಕಲಸಿದ ಅನ್ನದ ಉಂಡೆ ಇವನ್ನೆಲ್ಲ ದಾಟದೆ ಮಾವನಿಗೆ ಕೆಲಸವೇ ಸಾಗುತ್ತಿರಲಿಲ್ಲ. ಒಡೆಯದೆ ಬಿಟ್ಟ ತೆಂಗಿನಕಾಯಿ ಸಿಕ್ಕರೆ ಚೀಲಕ್ಕೆ ಹಾಕಿಕೊಂಡು ಮನೆಗೆ ತರುತ್ತಿದ್ದರಂತೆ. ನನ್ನ ಗಂಡ ಬೇಸಿಗೆ ರಜೆಯಲ್ಲಿ ಸೋದರಮಾವನ ಮನೆಯಲ್ಲಿ ತಿಂದು ಬೆಳೆದದ್ದು ಅದೇ ಕಾಯಿಯ ಚಟ್ನಿ ಎಂಬುದು ಮದುವೆಯಾಗಿ ಬಹಳ ಕಾಲದ ಮೇಲೆ ತಿಳಿಯಿತು. ಆ ಹೊತ್ತಿಗೆ ತೀರಾ ತಡವಾಗಿತ್ತು.

ನಿವೃತ್ತರಾದ ಮೇಲೆ ಮಾವ ಈ ಅನುಭವವನ್ನೆಲ್ಲ ಒಟ್ಟುಹಾಕಿ ‘ಕಂಬದ ಮೋಹಿನಿ’ ಎಂಬ ಕಾದಂಬರಿ ಬರೆದರು. ಕಾಳಪ್ಪನೆಂಬ ಮಂತ್ರವಾದಿ ಸ್ಮಶಾನದ ಪಕ್ಕದ ಕಂಬದಲ್ಲಿ ಮೋಹಿನಿಯೊಂದನ್ನು ಕಟ್ಟಿಹಾಕುತ್ತಾನೆ, ತಲೆಬುರುಡೆಯಲ್ಲಿ ಸಾರಾಯಿ ಕುಡಿಯುತ್ತಾನೆ, ಪಟೇಲನ ಎರಡನೇ ಹೆಂಡತಿಗೆ ವಶೀಕರಣದ ಬೂದಿ ಹಾಕುತ್ತಾನೆ. ಮುಖಪುಟದಲ್ಲಿ ಬಿಳಿ ಸೀರೆಯುಟ್ಟ ಹೆಣ್ಣೊಬ್ಬಳು ತಲೆಗೂದಲು ಬಿಟ್ಟುಕೊಂಡು ತಂತಿಯ ಮೇಲೆ ಕೂತಿದ್ದಾಳೆ. ಹಿಂಬದಿಯಲ್ಲಿ ದಪ್ಪ ಹಳದಿ ಅಕ್ಷರಗಳಲ್ಲಿ ಒಂದೇ ಸಾಲು: “ಇಂಥ ಪುಸ್ತಕವನ್ನು ನಾನು ಹಿಂದೆಂದೂ ಓದಿಲ್ಲ.” ಕೆಳಗೆ, ಕನಕಪುರದ ಆಚೆ ಬಂಡೆಗುಡ್ಡದ ಬುಡದಲ್ಲಿರುವ ನಮ್ಮ ಮಠದ ಸ್ವಾಮಿಗಳ ಹೆಸರು. ನಮ್ಮ ಕಡೆ ಅವರನ್ನು ಎಲ್ಲರೂ ಕರೆಯುವುದು ಬುದ್ಧಿಯವರು ಎಂದೇ.

ಬುದ್ಧಿಯವರ ಹೆಸರು ಕಂಡದ್ದೇ ತಡ, ಅತ್ತೆ ಆ ಪುಸ್ತಕವನ್ನು ದೇವರಮನೆಗೆ ಸೇರಿಸಿದರು. ದಿನಾ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಊದುಬತ್ತಿ ಹಚ್ಚಿ, ಪುಸ್ತಕಕ್ಕೊಂದು ಹೂವಿಟ್ಟು ಒಂದೊಂದು ಅಧ್ಯಾಯವನ್ನು ಗಟ್ಟಿಯಾಗಿ ಪಾರಾಯಣ ಮಾಡತೊಡಗಿದರು. ನಾನು ಅಡುಗೆಮನೆಯಲ್ಲಿ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದರೆ ದೇವರಮನೆಯಿಂದ ಕಾಳಪ್ಪ ಕೋಳಿಯ ಕತ್ತು ಮುರಿಯುವ ವರ್ಣನೆ ಭಕ್ತಿಭಾವದಲ್ಲಿ ತೇಲಿಬರುತ್ತಿತ್ತು. ಪಟೇಲನ ಹೆಂಡತಿ ಮನೆ ಬಿಟ್ಟು ಹೊರಟ ಅಧ್ಯಾಯದ ಕೊನೆಗೆ ಮಂಗಳಾರತಿಯೂ ಆಯಿತು.

ನಮ್ಮ ಬೀದಿಯ ಪರಮೇಶಣ್ಣ ಒಂದು ದಿನ ಇದನ್ನು ಕೇಳಿಸಿಕೊಂಡರು. ಅವರು ನಿವೃತ್ತ ಹೆಡ್‌ಮೇಷ್ಟ್ರು, ಮಠದ ಸಮಿತಿಯ ಸದಸ್ಯರು. ಪುಸ್ತಕದ ಹಿಂಬದಿ ನೋಡಿದವರೇ ಕೆಂಡವಾದರು. ಬುದ್ಧಿಯವರು ಹೀಗೆ ಅಂದಿರಲಿಕ್ಕೆ ಸಾಧ್ಯವೇ ಇಲ್ಲ, ಇದು ಹಸಿ ಸುಳ್ಳು, ನಂಜುಂಡಪ್ಪ ಮಠದಲ್ಲಿ ಭಕ್ತರೆದುರು ತಪ್ಪೊಪ್ಪಿಕೊಂಡು ಪುಸ್ತಕಗಳನ್ನೆಲ್ಲ ವಾಪಸ್ ತರಿಸಬೇಕು ಎಂದರು. ಒಳಗೆ ಏನಿದೆಯೆಂದು ಓದಿದಿರಾ ಎಂದು ಕೇಳಿದೆ. ಅಂಥದ್ದನ್ನು ತಾವು ಮುಟ್ಟುವುದೂ ಇಲ್ಲ ಎಂದರು. ಅಷ್ಟು ಹೊತ್ತೂ ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದೇ ಇದ್ದರು.

ಸುದ್ದಿ ಚನ್ನಪಟ್ಟಣ ತಲುಪಲು ಒಂದು ದಿನ ಹಿಡಿಯಲಿಲ್ಲ. ಮಾವ ಮಾರನೆಯ ದಿನವೇ ಬಂದು ಜಗಲಿಯ ಮೇಲೆ ಕೂತರು. ಕಾಫಿ ಕೊಟ್ಟರೆ ಮುಟ್ಟಲಿಲ್ಲ. “ನಲವತ್ತು ವರ್ಸ ಮಠಕ್ಕೆ ನಡ್ಕೊಂಡಿವ್ನಿ ಕಣವ್ವ. ಬುದ್ಧಿಯೋರು ಅಂದಿದ್ದನ್ನೇ ಬರ್ದಿವ್ನಿ. ನನ್ನ ಸುಳ್ಳ ಅಂದ್ಬುಟ್ರಲ್ಲ,” ಎಂದರು. ಹೈವೋಲ್ಟೇಜಿಗೆ ಹೆದರದ ಮನುಷ್ಯ ಹಾಗೆ ಕುಗ್ಗಿ ಕೂತದ್ದನ್ನು ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು. ಊರಲ್ಲೇ ಕೂತು ಹೌದು-ಇಲ್ಲ ಅನ್ನುವುದಕ್ಕಿಂತ ಎಲ್ಲರೂ ಹೋಗಿ ಬುದ್ಧಿಯವರನ್ನೇ ಕೇಳಿಬಿಡೋಣ ಎಂದೆ. ಭಾಷೆ ಬಲ್ಲವಳೊಬ್ಬಳು ಜೊತೆಗಿದ್ದರೆ ಸತ್ಯ ಹೊರಬರುತ್ತದೆ ಎಂಬ ಜಂಬದ ಮಾತನ್ನೂ ಸೇರಿಸಿದೆ.

ಭಾನುವಾರ ಕನಕಪುರದ ಬಸ್ಸಿನಲ್ಲಿ ಹೊರಟೆವು. ಪರಮೇಶಣ್ಣ ಮುಂದಿನ ಸೀಟಿನಲ್ಲಿ, ಮಾವ ಕೊನೆಯ ಸೀಟಿನಲ್ಲಿ, ಮಧ್ಯೆ ನಾನು. ಮಠ ತಲುಪಿದಾಗ ಬುದ್ಧಿಯವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಯಾರದೋ ಜಮೀನಿನ ಜಗಳ ಬಿಡಿಸುತ್ತಿದ್ದರು. ನಮ್ಮ ಸರದಿ ಬಂದಾಗ ಪರಮೇಶಣ್ಣ ಪುಸ್ತಕವನ್ನು ಬೋರಲು ಮಾಡಿ ಅವರ ಮುಂದಿಟ್ಟು, ಈ ಮಾತು ತಾವು ಆಡಿದ್ದು ಹೌದೇ ಎಂದು ಕೇಳಿದರು.

ಬುದ್ಧಿಯವರು ಕನ್ನಡಕ ಹಾಕಿಕೊಂಡು ಆ ಸಾಲನ್ನು ಓದಿದರು. ನಂಜುಂಡಪ್ಪ ಹಣ್ಣಿನ ಬುಟ್ಟಿಯಲ್ಲಿ ಪುಸ್ತಕದ ಹಸ್ತಪ್ರತಿಯನ್ನೂ ಇಟ್ಟು ತಂದದ್ದು, ಒಂದು ಮಾತು ಅಪ್ಪಣೆ ಕೊಡಿಸಿ ಎಂದು ದುಂಬಾಲು ಬಿದ್ದದ್ದು ಅವರಿಗೆ ಚೆನ್ನಾಗಿ ನೆನಪಿತ್ತು. “ಇಂಥ ಪುಸ್ತಕ ನಾನು ಓದಿಲ್ಲ ಕಣಪ್ಪ ಅಂದೆ. ಓದಿರಲಿಲ್ಲ, ಅದಕ್ಕೇ ಅಂದೆ. ಈ ‘ಹಿಂದೆಂದೂ’ ಅನ್ನೋದು ನಂದಲ್ಲ,” ಎಂದರು.

ಪರಮೇಶಣ್ಣ ಗೆದ್ದವರಂತೆ ಮಾವನ ಕಡೆ ತಿರುಗಿದರು. ಮಾವ ಚೀಲದಿಂದ ಪ್ರೆಸ್ಸಿಗೆ ಕೊಟ್ಟ ಹಾಳೆಯನ್ನು ಹೊರತೆಗೆದರು. ಅದರಲ್ಲಿ ಅವರ ಗುಂಡು ಅಕ್ಷರದಲ್ಲಿ ಬುದ್ಧಿಯವರ ಮಾತು ಇದ್ದದ್ದು ಇದ್ದ ಹಾಗೇ ಇತ್ತು. ‘ನಾನು’ ಮತ್ತು ‘ಓದಿಲ್ಲ’ ಎಂಬೆರಡರ ನಡುವೆ ಮಾತ್ರ ಒಂದು ಕೆಂಪು ಗುರುತು, ಮೇಲೆ ಕೆಂಪಿನಲ್ಲೇ ‘ಹಿಂದೆಂದೂ’. ಆ ಬರವಣಿಗೆಯ ಪರಿಚಯ ನನಗಿತ್ತು. ದಿನಾ ಹಾಜರಿ ಪುಸ್ತಕದಲ್ಲಿ ನೋಡುತ್ತೇನೆ.

ಆಗ ಎಲ್ಲ ನೆನಪಾಯಿತು. ಅಲ್ಪಪ್ರಾಣ ಮಹಾಪ್ರಾಣ ತಿದ್ದಿಕೊಡು ಎಂದು ಮಾವ ಹಾಳೆಗಳನ್ನು ಕಳಿಸಿದ್ದರು. ಉತ್ತರಪತ್ರಿಕೆಗಳ ರಾಶಿಯ ನಡುವೆಯೇ ಅವನ್ನೂ ತಿದ್ದಿದ್ದೆ. ಈ ಸಾಲು ಕಣ್ಣಿಗೆ ಬಿದ್ದಾಗ ಏನೋ ಬೋಳು ಬೋಳಾಗಿದೆ ಅನ್ನಿಸಿ, ಒಂದು ಪದ ಸೇರಿಸಿದರೆ ಲಯ ಸರಿಹೋಗುತ್ತದೆ ಎಂದುಕೊಂಡಿದ್ದೆ. ಲಯವೇನೋ ಸರಿಹೋಗಿತ್ತು.

“ಇದು ಯಾರ ಕೈ?” ಎಂದರು ಬುದ್ಧಿಯವರು.

“ನಂದೇ ಬುದ್ಧಿ,” ಎಂದೆ. ಮಾವನ ಮುಖ ನೋಡುವ ಧೈರ್ಯವಂತೂ ಬರಲೇ ಇಲ್ಲ. ಪಾಪ, ಅವರಿಗೂ ಆ ಪದ ಎಲ್ಲಿಂದ ಬಂತೆಂದು ಗೊತ್ತಿತ್ತು. ಅಚ್ಚಾಗಿ ಬಂದಾಗ ಸೊಸೆ ವಿದ್ಯಾವಂತೆ, ಏನೋ ವ್ಯಾಕರಣ ಇರಬೇಕು ಎಂದು ಸುಮ್ಮನಿದ್ದರಂತೆ. ನನ್ನ ಹೆಸರು ಹೇಳಿ ತಪ್ಪಿಸಿಕೊಳ್ಳಬಾರದೆಂದು ಒಂದು ವಾರ ಬೈಗುಳ ತಿಂದಿದ್ದರು.

ಬುದ್ಧಿಯವರು ಬಯ್ಯಲಿಲ್ಲ. ತಿದ್ದಿದವರು ಒಂದು ಚೀಟಿ ಅಂಟಿಸಿದರೆ ಸಾಕು ಎಂದು ತೀರ್ಪು ಕೊಟ್ಟರು. ಆಮೇಲೆ ಪುಸ್ತಕವನ್ನು ಈ ಕಡೆ ಆ ಕಡೆ ತಿರುಗಿಸಿ ನೋಡಿ, “ಇಷ್ಟು ಗಲಾಟೆ ಆಗೋಕೆ ಇದರೊಳಗೆ ಏನೈತೆ ನಂಜುಂಡಪ್ಪ, ಒಸಿ ಹೇಳು,” ಎಂದರು. ಮಾವ ಶುರುಮಾಡಿದರು. ಕಾಳಪ್ಪ ಬಂದ, ಬುರುಡೆ ಬಂತು, ಮೋಹಿನಿ ಕಂಬ ಹತ್ತಿದಳು. ಹಿಂದೆ ಸಾಲಿನಲ್ಲಿ ನಿಂತಿದ್ದ ಭಕ್ತರು ಒಬ್ಬೊಬ್ಬರಾಗಿ ಹತ್ತಿರ ಬಂದು ಕೂತರು. ವಶೀಕರಣದ ಬೂದಿಯ ಘಟ್ಟದಲ್ಲಿ ಮಾವ ನೀರು ಕುಡಿಯಲು ನಿಲ್ಲಿಸಿದಾಗ, “ಆಮೇಲೆ?” ಎಂಬ ದನಿ ಕೇಳಿತು. ಕೇಳಿದವರು ಪರಮೇಶಣ್ಣ.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಅವರು ನನ್ನನ್ನು ಬಯ್ಯಲೂ ಇಲ್ಲ, ತಮ್ಮನ ಪರ ನಿಲ್ಲಲೂ ಇಲ್ಲ. ಪುಸ್ತಕವನ್ನು ದೇವರಮನೆಯಿಂದ ತಂದು ದಿಂಬಿನ ಪಕ್ಕ ಇಟ್ಟುಕೊಂಡರು. “ಒಳ್ಳೇದೇ ಆಯ್ತು ಬಿಡು. ಇನ್ಮ್ಯಾಕೆ ಸ್ನಾನ ಮಾಡೋಗಂಟ ಕಾಯಂಗಿಲ್ಲ,” ಎಂದರು.

ಉಳಿದ ಪ್ರತಿಗಳ ಮೇಲೆಲ್ಲ ಚೀಟಿ ಅಂಟಿಸಿದ್ದು ನಾನೇ, ನನ್ನ ಕೈಯಾರೆ. ‘ಪೂಜ್ಯರು ಈ ಪುಸ್ತಕವನ್ನು ಓದಿರುವುದಿಲ್ಲ. ಇಲ್ಲಿನ ತಪ್ಪಿಗೆ ಪೂರ್ಣ ಹೊಣೆ ನನ್ನದು’ ಎಂದು ಬರೆದು, ಕೆಳಗೆ ಹೆಸರು, ಕನ್ನಡ ಉಪನ್ಯಾಸಕಿ ಎಂದು ಹಾಕಿದೆ. ಪ್ರಾಮಾಣಿಕಳಾಗಿರಬೇಕಲ್ಲ. ಆದರೆ ಜನ ಚೀಟಿಯನ್ನು ಓದಿಕೊಂಡ ರೀತಿಯೇ ಬೇರೆ. ಸ್ವಾಮಿಗಳಿಗೆ ಈ ವಿದ್ಯೆ ತಿಳಿಯದು, ಒಳಗಿನ ಮಾಟಮಂತ್ರಕ್ಕೆಲ್ಲ ಹೊಣೆ ಈ ಮೇಡಂ ಎಂದು ಅರ್ಥ ಮಾಡಿಕೊಂಡರು. ರೇಷ್ಮೆಗೂಡಿನ ಮಾರುಕಟ್ಟೆಯ ಹತ್ತಿರ ಹೆಂಗಸೊಬ್ಬರು ನನ್ನನ್ನು ತಡೆದು, ಯಜಮಾನರು ಮೂರು ತಿಂಗಳಿಂದ ಮಾತಾಡಿಸುತ್ತಿಲ್ಲ, ಏನಾದರೂ ಮಾಡಿಕೊಡಿ ಎಂದು ಕಣ್ಣೀರು ಹಾಕಿದರು. ನಾನು ವಿವರಿಸಲು ಹೋದಷ್ಟೂ ಅವರಿಗೆ ನನ್ನ ಮೇಲೆ ನಂಬಿಕೆ ಹೆಚ್ಚಾಗುತ್ತಿತ್ತು.

ಕಳೆದ ವಾರ ನಮ್ಮ ಪ್ರಿನ್ಸಿಪಾಲರು ಕರೆಸಿದರು. ಬಾಗಿಲು ಹಾಕಿಕೊಂಡು, ದನಿ ತಗ್ಗಿಸಿ, ತಮಗೆ ಬಳ್ಳಾರಿಗೆ ವರ್ಗವಾಗುವ ಹಾಗೆ ಕಾಣುತ್ತಿದೆ, ಅದು ನಿಲ್ಲುವಂಥದ್ದು ನನ್ನ ಬಳಿ ಏನಾದರೂ ಇದೆಯೇ ಎಂದು ವಿಚಾರಿಸಿದರು. ನಾನೊಬ್ಬ ವಿಚಾರವಂತೆ, ಇಂಥದ್ದನ್ನೆಲ್ಲ ನಂಬುವವಳಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮೇಜಿನ ಮೇಲಿದ್ದ ಪಟ್ಟಿ ಕಣ್ಣಿಗೆ ಬಿತ್ತು. ಹಾರೋಹಳ್ಳಿ ಕಡೆಯ ಹಳ್ಳಿಯಲ್ಲಿ ಹತ್ತು ದಿನದ ವಿದ್ಯಾರ್ಥಿ ಶಿಬಿರ, ಉಸ್ತುವಾರಿಗೆ ನನ್ನ ಹೆಸರು.

“ಅದಕ್ಕೆ ಹತ್ತು ದಿನ ಒಂದೇ ಕಡೆ ಕೂತು ಮಾಡಬೇಕಾಗುತ್ತೆ ಸಾರ್,” ಎಂದೆ. “ಶಿಬಿರಕ್ಕೆ ಹೋದರೆ ಕಷ್ಟ.”

ಅವರು ಕೂಡಲೇ ನನ್ನ ಹೆಸರನ್ನು ಹೊಡೆದುಹಾಕಿ ಭೌತಶಾಸ್ತ್ರದವರ ಹೆಸರು ಬರೆದರು. ನಾನು ಕಣ್ಣು ಮುಚ್ಚಿ, ಆದಷ್ಟು ಗಂಭೀರವಾಗಿ ತಲೆಯಾಡಿಸಿದೆ.