ರಾಹುಕಾಲಕ್ಕೆ ಮುಂಚೆ ಸೋಲದ ಮಾವ

ನಮ್ಮ ಸೋದರಮಾವ ಚದುರಂಗದಲ್ಲಿ ಒಂದು ಆಟವನ್ನೂ ಗೆದ್ದವರಲ್ಲ. ಆದರೂ ಅವರೆದುರು ಕೂರಲು ಇಡೀ ಮಲ್ಲೇಶ್ವರವೇ ಹೆದರುತ್ತಿತ್ತು! ಯಾಕೆ ಅಂತೀರಾ? ಮಾವ ಸೋಲುತ್ತಿದ್ದರು, ಆದರೆ ಬೇಗ ಸೋತು ಮುಗಿಸುತ್ತಿರಲಿಲ್ಲ.

ಮಂತ್ರಿ ಹೋದರೆ "ಹೋಗ್ಲಿ ಬಿಡಿ, ಸಂಬಳ ಉಳೀತು" ಅನ್ನುವರು. ಆನೆ ಹೋದರೆ "ಮೇವಿನ ಖರ್ಚು ತಪ್ತು". ಬರೀ ರಾಜ ಉಳಿದಾಗ ಪಂಚೆ ಎತ್ತಿ ಕಟ್ಟಿ, ಇನ್ನೊಂದು ಲೋಟ ಕಾಫಿ ತರಿಸಿ, "ಹ್ಞಾ, ಈಗ ಆಟ ಶುರು!" ಅನ್ನುವರು. ಎದುರುಮನೆಯ ಮೇಷ್ಟ್ರು ಒಮ್ಮೆ ಗೆಲ್ಲುವ ಆಟವನ್ನೇ ಬಿಟ್ಟು ಎದ್ದರು. "ಡ್ರಾ ಅಂದ್ಕೊಳ್ಳಿ ಸ್ವಾಮಿ, ನನ್ನ ಬಿಟ್ಬಿಡಿ. ಇನ್ನೂ ಸ್ನಾನ ಆಗಿಲ್ಲ!"

ಗಂಡಿನವರು ಹೆಣ್ಣು ನೋಡಲು ಬರುವ ದಿನ ಇಂಥವರನ್ನು ಯಾರಾದರೂ ಕರೆಯುತ್ತಾರೆಯೇ? ಆದರೆ ಸೋದರಮಾವನಿಲ್ಲದೆ ಆ ಶಾಸ್ತ್ರ ನಡೆಯುವುದುಂಟೆ! ಕರೆದರು. ತೊಂಬತ್ತರ ದಶಕದ ಒಂದು ಭಾನುವಾರ. ಹೆಣ್ಣು ನಾನೇ. ಎಂ.ಎಸ್ಸಿ. ಓದುತ್ತಿದ್ದೆ, ಮದುವೆ ಬೇಡವಾಗಿತ್ತು, ಅದನ್ನು ಅಪ್ಪನಿಗೆ ಹೇಳುವ ಧೈರ್ಯವಿರಲಿಲ್ಲ. ಕೇಸರಿಬಾತಿನ ತಟ್ಟೆ ಹಿಡಿದು ಬಂದು ನಿಂತೆ.

ಗಂಡಿಗೆ ನಾನು ಒಪ್ಪಿಗೆ, ಅವನ ತಾಯಿಗೆ ಕೇಸರಿಬಾತು ಒಪ್ಪಿಗೆ. ನನ್ನನ್ನು ಯಾರೂ ಕೇಳಲಿಲ್ಲ. ನಾಲ್ಕೂವರೆಗೆ ರಾಹುಕಾಲ. ಅಷ್ಟರೊಳಗೆ ತಾಂಬೂಲ ಬದಲಾಯಿಸಿಬಿಟ್ಟರೆ ಸಂಬಂಧ ಕುದುರಿದ ಹಾಗೆ. ರಾಹುಕಾಲ ಮುಗಿಯುವ ಹೊತ್ತಿಗೆ ಅವರಿಗೆ ಮೈಸೂರಿನ ರೈಲು. ಆಗ ಗಂಡಿನ ತಂದೆಯ ಕಣ್ಣು ಚದುರಂಗದ ಹಲಗೆಯ ಮೇಲೆ ಬಿತ್ತು. "ಒಂದಾಟ ಆಡೋಣ್ವಾ? ಹತ್ತೇ ನಿಮಿಷ" ಅಂದರು. ಮಾವ ಆಗಲೇ ಕಾಯಿ ಜೋಡಿಸುತ್ತಿದ್ದರು!

ನೋಡನೋಡುತ್ತಿದ್ದಂತೆ ಮಾವನ ಮಂತ್ರಿ ಹೋಯಿತು. ನನಗೆ ಒಂದೇ ಭಯ: ಮಾವ ಸೋತರೆ ತಾಂಬೂಲ! ಅಪ್ಪನಿಗೋ, ಇವರು ಸೋಲದೇ ಹೋದರೆ ಎಂಬ ಭಯ. ಅಮ್ಮ ಕಾಫಿ ಕೊಡುವ ನೆಪದಲ್ಲಿ ಬಗ್ಗಿ, "ಅಣ್ಣಯ್ಯ, ಇದೊಂದ್ಸಲ ಸೋತ್ಬಿಡೋ, ನಿನ್ ಕಾಲಿಗೆ ಬೀಳ್ತೀನಿ" ಎಂದು ಪಿಸುಗುಟ್ಟಿದಳು.

"ಇನ್ನೂ ಒಂದಾನೆ ಇದ್ಯಲ್ಲೇ!" ಅಂದರು ಮಾವ, ಗಟ್ಟಿಯಾಗಿ.

ಗಂಡಿನ ತಂದೆಗೂ ಹಟ ಹಿಡಿಯಿತು. "ಮುಗಿಸೇ ಏಳೋದು" ಅಂದರು. ಅಪ್ಪ ಗಡಿಯಾರ ನೋಡಿ ಕೆಮ್ಮಿದರು, ಮತ್ತೆ ನೋಡಿ ಮತ್ತೆ ಕೆಮ್ಮಿದರು. ಮಾವ ತಮ್ಮ ರಾಜನನ್ನು ಮೂಲೆಯಿಂದ ಮೂಲೆಗೆ ಓಡಿಸುತ್ತಿದ್ದರು. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಆ ಮರದ ರಾಜನ ಜೀವಕ್ಕಾಗಿ ಕಾಡುಮಲ್ಲೇಶ್ವರನಿಗೆ ಹರಕೆ ಹೊತ್ತೆ!

ಗಡಿಯಾರ ನಾಲ್ಕೂವರೆ ಹೊಡೆಯಿತು. ತಾಂಬೂಲದ ತಟ್ಟೆ ಒಳಗೆ ಹೋಯಿತು. ಆಮೇಲೆ ಮಾವ ಸೋತರು. ಬೀಗರಾಗಬೇಕಿದ್ದವರು "ಊರಿಗೆ ಹೋಗಿ ಪತ್ರ ಬರೀತೀವಿ" ಎಂದು ರೈಲಿಗೆ ಹೊರಟರು. ಅಪ್ಪ ಮಾವನ ಜೊತೆ ಮಾತು ಬಿಟ್ಟರು.

ಮಾವ ಹೊರಟಾಗ ಗೇಟಿನವರೆಗೆ ಹೋದೆ. "ನಿಮ್ಮ ಹುಚ್ಚು ಇವತ್ತು ನನ್ನ ಉಳಿಸ್ತು ಮಾವ" ಅಂದೆ.

"ಹುಚ್ಚಲ್ವೇ ಪುಟ್ಟಿ. ಮಧ್ಯದಲ್ಲಿ ಅವರು ಒಂದು ತಪ್ಪು ಮಾಡಿದ್ರು. ನನ್ನ ಆನೆ ಒಂದು ಹೆಜ್ಜೆ ಇಟ್ಟಿದ್ರೆ ಅವರ ರಾಜ ಸತ್ತಿರ್ತಿದ್ದ. ನಾನೇ ಗೆಲ್ತಿದ್ದೆ."

"ಮತ್ಯಾಕೆ ಆಡ್ಲಿಲ್ಲ?"

"ಆಡಿದ್ರೆ ಆಟ ಮುಗಿದ್ಹೋಗ್ತಿತ್ತಲ್ಲೇ! ರಾಹುಕಾಲಕ್ಕೆ ಇನ್ನೂ ಹೊತ್ತಿತ್ತು. ನಿನ್ ಮುಖ ನೋಡಿದ್ದೆ ನಾನು." ಗೇಟು ತೆರೆಯುತ್ತಾ ಹೇಳಿದರು, "ಇನ್ಮುಂದೆ ನೀನೇ ಆಡ್ಬೇಕು, ಹೋಗು."

ಜೀವಮಾನಕ್ಕೆ ಸಿಕ್ಕಿದ್ದ ಒಂದೇ ಗೆಲುವನ್ನು ಮಾವ ನನಗಾಗಿ ಬಿಟ್ಟುಕೊಟ್ಟಿದ್ದರು. ನಿಂತಲ್ಲೇ ಅತ್ತುಬಿಟ್ಟೆ. ಆಮೇಲೆ ಕಣ್ಣೊರೆಸಿಕೊಂಡು ಒಳಗೆ ಹೋಗಿ, "ಅಪ್ಪಾ, ನಂಗೆ ಈಗ ಮದುವೆ ಬೇಡ" ಅಂದೆ.