ಅಂಚು ಬಿಡಿಸುವ ಕೈ

ನನ್ನ ಸೋದರಮಾವ ಮದುವೆಗೆ ಒಪ್ಪಿದ್ದು ಹುಡುಗಿಯ ಮುಖ ನೋಡಿ ಅಲ್ಲ, ಅವಳು ಬಟ್ಟೆಯಿಂದ ಸಂಡಿಗೆ ಬಿಡಿಸುವುದನ್ನು ನೋಡಿ. ಒಂದೂ ಮುರಿಯಲಿಲ್ಲವಂತೆ! ಇದಕ್ಕೆ ನಗಬೇಕೋ ಸಿಟ್ಟಾಗಬೇಕೋ ಎಂದು ಅತ್ತೆ ಇನ್ನೂ ತೀರ್ಮಾನಿಸಿಲ್ಲ.

ತಪ್ಪು ಅವನದಲ್ಲ, ಉದ್ಯೋಗದ್ದು. ದಾಂಡೇಲಿಯ ಕಾಗದ ಕಾರ್ಖಾನೆಯಲ್ಲಿ, ಪರೀಕ್ಷೆಗೆಂದು ಜಾಲರಿಯ ಮೇಲೆ ಮಾಡಿದ ಹಸಿ ಹಾಳೆಯನ್ನು ಹರಿಯದಂತೆ ಎಬ್ಬಿಸುವುದು ಅವನ ಕೆಲಸವಾಗಿತ್ತು. ಮೂಲೆ ಹಿಡಿದು ಜಗ್ಗುವವರನ್ನು ಕಂಡರೆ ಅವನಿಗಾಗದು. ನಾವು ದೋಸೆ ಎಬ್ಬಿಸಿದರೂ, ಗಾಯದ ಪಟ್ಟಿ ಕಿತ್ತರೂ ಬೆನ್ನ ಹಿಂದೆ ನಿಂತು, ಮೊದಲು ಅಂಚು ಬಿಡಿಸು ಎನ್ನುತ್ತಾನೆ. ಎರಡು ವರ್ಷದ ಹಿಂದೆ ಮಂಡಿನೋವೆಂದು ಅವಧಿಗೆ ಮುಂಚೆಯೇ ಕೆಲಸ ಬಿಟ್ಟ. ಬಾಯಿ ಮಾತ್ರ ನಿವೃತ್ತಿಯಾಗಲಿಲ್ಲ.

ಇಂಥವನ ಮುಂದೆ ನಾನು ಕಣ್ಣಿಗೆ ಲೇಸರ್ ಮಾಡಿಸಿಕೊಳ್ಳುತ್ತೇನೆ ಅಂದೆ! ಕಾಳಿ ನದಿಯಲ್ಲಿ ಪ್ರವಾಸಿಗರ ರಾಫ್ಟ್ ನಡೆಸುವವಳು ನಾನು. ನದಿ ಆಗಲೇ ನನ್ನ ನಾಲ್ಕು ದಪ್ಪ ಕನ್ನಡಕ ನುಂಗಿತ್ತು. ಅಪ್ಪ ಹೋದ ಮೇಲೆ ನನ್ನನ್ನು ಸಾಕಿದವನು ಮಾಮಾ. ಅವನು ಹೂಂ ಅನ್ನದೆ ನಾನು ಆಪರೇಷನ್ ಮೇಜಿನ ಮೇಲೆ ಮಲಗುವಂತಿರಲಿಲ್ಲ.

ಹುಬ್ಬಳ್ಳಿಯ ವೈದ್ಯೆ ವಿವರಿಸಿದರು: ಲೇಸರ್ ಕಣ್ಣಿನ ಮೇಲ್ಪದರದಲ್ಲಿ ತೆಳು ಮುಚ್ಚಳ ಕೊರೆಯುತ್ತದೆ, ಒಂದು ಬದಿ ಕೀಲಿನಂತೆ ಅಂಟಿಕೊಂಡೇ ಇರುತ್ತದೆ. ಅದನ್ನು ಎಬ್ಬಿಸಿ ಮಡಚಿ, ಒಳಗೆ ತಿದ್ದಿ, ಮತ್ತೆ ಮುಚ್ಚುತ್ತಾರೆ. ನೋವಾಗುತ್ತದೆಯೇ ಎಂದು ಎಲ್ಲರೂ ಕೇಳುತ್ತಾರಲ್ಲ, ನಮ್ಮ ಮಾಮಾ ಕೇಳಿದ್ದೇ ಬೇರೆ.

"ಡಾಕ್ಟರ ಬಾಯಾರ, ಮುಚ್ಚಳ ಯಾವ ಕಡಿಂದ ಎಬ್ಬಸ್ತೀರಿ?"

ಆಪರೇಷನ್ ದಿನ ಅವನ ಚೀಲದಿಂದ ಊಟದ ಡಬ್ಬಿ ಹೊರಬಂತು. ಒಳಗೆ ಒಂದರ ಮೇಲೊಂದು ಕೂತ ಎರಡು ಹಸಿ ಹಾಳೆ, ಒಂದು ಬದಿ ಅಂಟು! ಅಂಟಿಸಿದ್ದು ಅತ್ತೆಯಂತೆ, ಮಾಮಾ ಬರೀ ಅಪ್ಪಣೆ ಕೊಟ್ಟನಂತೆ. ವೈದ್ಯೆಗೇ ಪರೀಕ್ಷೆ! ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಕೆ ನಗುತ್ತ ಒಂದು ಮೊಂಡು ಕಡ್ಡಿ ತೆಗೆದುಕೊಂಡು ಮೊದಲು ಅಂಚು ಸಡಿಲಿಸಿದರು, ಕೀಲಿನ ಹತ್ತಿರ ತೂರಿಸಿದರು, ಮೆಲ್ಲಗೆ ಆಚೆ ಅಂಚಿನವರೆಗೆ ಸವರುತ್ತ ಬಂದರು. ಹಾಳೆ ಇಡಿಯಾಗಿ ಎದ್ದಿತು.

"ಕೈಯಾಗ ಅವಸರ ಇಲ್ಲ," ಎಂದ ಮಾಮಾ. "ಹೋಗವ್ವಾ, ಮಾಡಿಸ್ಕೋ."

ಮರುದಿನ ತಪಾಸಣೆ ಮುಗಿಸಿ ಬಸ್ ಹತ್ತಿದೆವು. ಕಣ್ಣುಜ್ಜಿದರೆ ಮುಚ್ಚಳ ಜರುಗೀತು ಎಂದು ವೈದ್ಯೆ ಹೇಳಿದ್ದೇ ತಡ, ಮಾಮಾ ನನ್ನ ಎರಡೂ ಕೈ ಹಿಡಿದು ಕೂತುಬಿಟ್ಟ. ಹಳಿಯಾಳದಲ್ಲಿ ನನ್ನ ಮೂಗು ತುರಿಸಿತು; ನನ್ನ ಕೈ ಬಿಡಲಿಲ್ಲ, ತಾನೇ ಕೆರೆದ! ಅವನ ಕೈ ನಡುಗುತ್ತಿತ್ತು. ಬಸ್ಸಿನ ಕುಲುಕಾಟ ಅಂದುಕೊಂಡೆ.

ಮನೆಯಲ್ಲಿ ಹನಿ ಔಷಧ ತಾನೇ ಹಾಕುತ್ತೇನೆಂದು ಹಟ ಹಿಡಿದ. ಮೊದಲ ಹನಿ ಕೆನ್ನೆಗೆ ಬಿತ್ತು, ಎರಡನೆಯದು ಮೂಗಿಗೆ. ಈಗ ಬಸ್ ಇರಲಿಲ್ಲ. ಕೈ ಮಾತ್ರ ನಡುಗುತ್ತಲೇ ಇತ್ತು.

"ಯಾವಾಗಿಂದ ಮಾಮಾ?"

ಅವನು ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದ. "ಎರಡ ವರ್ಷ ಆತು. ಹಾಳಿ ಹರೀಲಿಕ್ಕೆ ಹತ್ತಿದ್ವು, ಅದಕ್ಕ ಬಿಟ್ಟೆ. ಮಂಡಿ ನೆಟ್ಟಗ ಐತಿ. ನಿಮ್ಮತ್ತಿಗೂ ಹೇಳಿಲ್ಲ. ನನ್ನ ಕೈಯ ಹಿಂಗಾದ ಮ್ಯಾಲ, ಆ ಡಾಕ್ಟರ ಬಾಯಾರ ಕೈ ನೋಡದ ನಿನ್ನ ಕಣ್ಣ ಹೆಂಗ ಕೊಡಲಿ?"

ಎರಡು ವರ್ಷ ಅದೇ ಮನೆಯಲ್ಲಿದ್ದು, ದಪ್ಪ ಕನ್ನಡಕದೊಳಗಿಂದ ನಾನು ಇದನ್ನು ನೋಡಿರಲಿಲ್ಲ. ಅವನ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಮೂರನೆಯ ಹನಿ ನೇರ ಕಣ್ಣಿಗೇ ಬಿತ್ತು.

ಅದರ ಹಿಂದೆಯೇ ನನ್ನ ಕಣ್ಣೀರೂ ಬಂತು. ಉಜ್ಜುವಂತಿರಲಿಲ್ಲ, ಹರಿಯಲು ಬಿಟ್ಟೆ.